ಸಿಕಂದರಾಬಾದಿಗೆ ಅಲೆಕ್ಸಾಂಡರ್ ಬಂದಿದ್ದನೇ?

(ಸಿಕಂದರಾಬಾದನ್ನು ಕಟ್ಟಿಸಿದ್ದು ಗ್ರೀಕ್ ದೊರೆ ಅಲೆಕ್ಸಾಂಡರ್ ಎಂದು ರೈಲಿನಲ್ಲಿ ಜೊತೆಗಿದ್ದವರು ವಾದ ಮಾಡಿದರಂತೆ. ಇದು ನಿಜವೇ ಎಂದು ಕಲಬುರಗಿಯ ಓದುಗರೊಬ್ಬರು ಕೇಳಿದ್ದಾರೆ.)

ಪ್ರಿಯ ಓದುಗರೇ,

ಅವನು ದಖ್ಖನ್ ಕಡೆ ಬರಲೇ ಇಲ್ಲ. ಕ್ರಿ.ಪೂ. 326ರಲ್ಲಿ ಪಂಜಾಬಿನ ಬಿಯಾಸ್ ನದಿ ತನಕ ಬಂದ. ಸೈನಿಕರು ಮುಂದೆ ಹೆಜ್ಜೆ ಇಡಲು ಒಪ್ಪಲಿಲ್ಲ, ವಾಪಸು ಹೊರಟ. ಆದರೆ ಊರಿನ ಹೆಸರಲ್ಲಿ ಅವನಿರುವುದು ನಿಜ.

ಅರಬ್ಬಿಯಲ್ಲಿ ಪದದ ಮುಂದೆ 'ಅಲ್' ಸೇರುವುದುಂಟು. ಅಲೆಕ್ಸಾಂಡರ್‌ನಲ್ಲಿರುವ 'ಅಲ್' ಕೂಡ ಅದೇ ಅಂದುಕೊಂಡು ಬಿಟ್ಟುಬಿಟ್ಟರು. ಹೀಗೆ ಅವನು ಇಸ್ಕಂದರ್ ಆದ, ನಮ್ಮಲ್ಲಿ ಸಿಕಂದರ್. ಗೆಲ್ಲುವ ಆಸೆಯಿದ್ದ ಅರಸರಿಗೆಲ್ಲ ಈ ಹೆಸರು ಬೇಕಿತ್ತು. ಅಲ್ಲಾವುದ್ದೀನ್ ಖಿಲ್ಜಿಯಂತೂ ತನ್ನ ನಾಣ್ಯಗಳಲ್ಲಿ 'ಎರಡನೇ ಸಿಕಂದರ್' ಎಂದೇ ಬರೆಸಿಕೊಂಡ. ಅಕ್ಬರನ ಸಮಾಧಿ ಇರುವ ಆಗ್ರಾ ಬಳಿಯ ಸಿಕಂದ್ರಾ, ಸಿಕಂದರ್ ಲೋಧಿಯ ಹೆಸರಿನ ಊರು. ನೀವು ಕೇಳಿದ ಸಿಕಂದರಾಬಾದಿಗೆ 1806ರಲ್ಲಿ ಹೆಸರು ಕೊಟ್ಟವನು ಮೂರನೇ ನಿಜಾಮ ಸಿಕಂದರ್ ಜಾ.

ನಿಮ್ಮ ಪಕ್ಕದ ವಿಜಯಪುರದಲ್ಲೂ ಒಬ್ಬ ಸಿಕಂದರ್ ಇದ್ದ. ಆದಿಲ್‌ಶಾಹಿಗಳ ಕೊನೆಯ ಸುಲ್ತಾನ. 1672ರಲ್ಲಿ ಸಿಂಹಾಸನ ಏರಿದಾಗ ಇನ್ನೂ ಪುಟ್ಟ ಮಗು. ಆಡಳಿತವೆಲ್ಲ ದೊಡ್ಡವರ ಕೈಯಲ್ಲಿ, ಅವರವರಲ್ಲೇ ಜಗಳ. 1686ರಲ್ಲಿ ಔರಂಗಜೇಬ್ ಕೋಟೆ ಗೆದ್ದಾಗ ಹುಡುಗ ಸೆರೆಯಾದ. ಸೆರೆಯಲ್ಲೇ ತೀರಿಕೊಂಡ. ಅಷ್ಟು ದೊಡ್ಡ ಗೆಲುವಿನ ಹೆಸರಿಟ್ಟ ಮಗುವಿಗೆ ಸ್ವಂತವಾಗಿ ಆಳುವ ಒಂದು ದಿನವೂ ಸಿಗಲಿಲ್ಲ. ಈ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಲೆಕ್ಸಾಂಡರ್ ಎಂಬ ಹೆಸರು ಆ ಗ್ರೀಕ್ ದೊರೆಗಿಂತ ಎಷ್ಟೋ ಹಳೆಯದು. ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಹೆಲೆನ್‌ಳನ್ನು ಕರೆದೊಯ್ದ ರಾಜಕುಮಾರ ಪ್ಯಾರಿಸ್‌ಗೂ ಅಲೆಕ್ಸಾಂಡ್ರೋಸ್ ಎಂಬ ಹೆಸರಿದೆ. ಅದಕ್ಕೂ ಹಿಂದೆ, ಕ್ರಿ.ಪೂ. 13ನೇ ಶತಮಾನದಲ್ಲಿ, ಗ್ರೀಸ್‌ನ ಮೈಸೀನಿಯಲ್ಲಿ ಒಂದು ಮಣ್ಣಿನ ಹಲಗೆಯ ಮೇಲೆ ಇದನ್ನು ಗೀಚಿಟ್ಟಿದ್ದಾರೆ. ಅಲ್ಲಿರುವುದು ಅಲೆಕ್ಸಾಂಡ್ರಾ, ಒಬ್ಬ ಹೆಂಗಸು! ರಾಣಿಯ ಗುಣಗಾನವಲ್ಲ, ಸುಮ್ನೆ ಲೆಕ್ಕಪತ್ರದ ಹಲಗೆ. ಯುದ್ಧ, ಸಾಮ್ರಾಜ್ಯಗಳಿಗಿಂತ ಮೊದಲು ಇದು ಯಾವುದೋ ಮನೆಯ ಹೆಣ್ಣುಮಗಳನ್ನು ಕರೆಯುವ ಹೆಸರಾಗಿತ್ತು ಅನ್ನೋದು ನನಗೆ ಜಾಸ್ತಿ ಇಷ್ಟ.

ಮನೆಗಳಲ್ಲಿ ಈ ಹೆಸರು ಈಗಲೂ ಇದೆ. ರಷ್ಯಾದಲ್ಲಿ ಮೂವರು ಚಕ್ರವರ್ತಿಗಳು ಅಲೆಕ್ಸಾಂಡರ್. ಅಲ್ಲಿನ ಮನೆಮಂದಿಗೆ ಅದು ಸಾಶಾ. ಸ್ಕಾಟ್‌ಲೆಂಡಿನಲ್ಲಿ ಅಲಿಸ್ಟೇರ್, ಸ್ಪೇನ್‌ನಲ್ಲಿ ಅಲೆಹಾಂದ್ರೊ. ಅಷ್ಟು ದೂರ ಯಾಕೆ, ಪಕ್ಕದ ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇದೇ ಹೆಸರು ಚಾಂಡಿ ಆಗಿದೆ. ಮುಖ್ಯಮಂತ್ರಿಯಾಗಿದ್ದ ಉಮ್ಮನ್ ಚಾಂಡಿಯವರ ಹೆಸರಲ್ಲಿರುವುದು ಅದೇ.

– ಸಂ.