ಖಂಡ ಸೀಳಿದ ಕಾಲವನ್ನು ಮರಳುಗಲ್ಲು ಹೇಳಬಲ್ಲುದೆ?

ಪ್ರಶ್ನೆ: ಮರಳುಗಲ್ಲಿನ ಕಣಗಳೆಲ್ಲ ಅದಕ್ಕಿಂತ ಹಳೆಯ ಬಂಡೆಗಳಿಂದ ಸವೆದು ಬಂದವು. ಹಾಗಿರುವಾಗ ಅಂಥ ಕಲ್ಲುಗಳ ವಯಸ್ಸನ್ನು ಅಳೆದು, ರೊಡೀನಿಯ ಎಂಬ ಮಹಾಖಂಡ ಒಡೆದು ಉತ್ತರ ಅಮೆರಿಕದ ಪಶ್ಚಿಮ ಅಂಚು ರೂಪುಗೊಂಡ ಕಾಲವನ್ನು ಹೇಗೆ ನಿರ್ಧರಿಸುತ್ತಾರೆ?

ಉತ್ತರ: ನಿಮ್ಮ ಸಂದೇಹ ಸರಿಯಾದದ್ದೇ. ಕಣದ ವಯಸ್ಸು ಕಲ್ಲಿನ ವಯಸ್ಸಲ್ಲ. ಕಲ್ಲು ತನ್ನೊಳಗಿನ ಅತಿ ಕಿರಿಯ ಕಣಕ್ಕಿಂತ ಹಳೆಯದಾಗಿರಲಾರದು ಎಂಬ ಒಂದು ಮಿತಿಯನ್ನಷ್ಟೇ ಅದು ಕೊಡುತ್ತದೆ.

ಈ ಕೆಲಸಕ್ಕೆ ಮುಖ್ಯವಾಗಿ ಬಳಸುವುದು ಜಿರ್ಕಾನ್ ಹರಳನ್ನು. ಶಿಲಾರಸದಲ್ಲಿ ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಂಡು ಸೀಸವನ್ನು ಬಹುಮಟ್ಟಿಗೆ ಹೊರಗಿಡುವುದರಿಂದ, ಮುಂದೆ ಅದರಲ್ಲಿ ಸಿಗುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಆದದ್ದೆಂದು ಲೆಕ್ಕ ಹಾಕಬಹುದು. ಯುರೇನಿಯಂ-238ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದ್ದು ಸುಮಾರು 70.4 ಕೋಟಿ ವರ್ಷ; ಎರಡರ ಲೆಕ್ಕವೂ ತಾಳೆಯಾದರೆ ಮಾತ್ರ ಆ ವಯಸ್ಸನ್ನು ನಂಬುತ್ತಾರೆ. ಕಲ್ಲನ್ನು ಪುಡಿ ಮಾಡಿ, ಭಾರವಾದ ದ್ರವದಲ್ಲಿ ಮುಳುಗುವ ಖನಿಜಗಳನ್ನು ಬೇರ್ಪಡಿಸಿ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುವ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸಿ, ಅಂಟಿನಲ್ಲಿ ಕೂರಿಸಿ ಉಜ್ಜಿ, ಲೇಸರ್‌ನಿಂದ ಪುಟ್ಟ ಗುಳಿ ತೋಡಿ ಅಳೆಯುತ್ತಾರೆ. ಒಂದೇ ಒಂದು ಕಿರಿಯ ಕಣವನ್ನು ನೆಚ್ಚುವುದು ಅಪಾಯ: ಸೀಸ ಸೋರಿಹೋಗಿದ್ದರೆ ಹಳೆಯ ಹರಳೂ ಕಿರಿಯದಾಗಿ ಕಾಣುತ್ತದೆ.

ಕಣಗಳು ಇನ್ನೊಂದು ಸುಳಿವನ್ನೂ ಕೊಡುತ್ತವೆ. ಅಮೆರಿಕದ ಮೊಂಟಾನಾ ಮತ್ತು ಐಡಹೊ ಭಾಗದ ಬೆಲ್ಟ್ ಶಿಲಾಸಮೂಹ ಖಂಡ ಸೀಳುವುದಕ್ಕೆ ಬಹಳ ಮೊದಲು ಸಂಚಯವಾದದ್ದು. ಅದರಲ್ಲಿ 149ರಿಂದ 161 ಕೋಟಿ ವರ್ಷ ಹಳೆಯ ಜಿರ್ಕಾನ್‌ಗಳಿವೆ. ಆ ವಯಸ್ಸಿನ ಶಿಲೆಗಳು ಉತ್ತರ ಅಮೆರಿಕದಲ್ಲಿ ತೀರ ವಿರಳ. ಪಶ್ಚಿಮದಲ್ಲಿ ಅಂದು ಅಂಟಿಕೊಂಡಿದ್ದ ಆಸ್ಟ್ರೇಲಿಯ ಅಥವಾ ಅಂಟಾರ್ಕ್ಟಿಕದಿಂದ ಅವು ಹರಿದು ಬಂದಿರಬೇಕೆಂದು ಹಲವರು ವಾದಿಸುವುದು ಇದೇ ಆಧಾರದ ಮೇಲೆ.

ಸೀಳಿದ ಕಾಲಕ್ಕೆ ಮಾತ್ರ, ಖಂಡ ಬಿರಿಯುವಾಗ ಉಕ್ಕಿ ಪದರಗಳ ನಡುವೆ ಸಿಲುಕಿದ ಜ್ವಾಲಾಮುಖಿ ಶಿಲೆಯೇ ಉತ್ತಮ ಸಾಕ್ಷಿ. (ನಮ್ಮ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಲಾವಾ, ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲವನ್ನು ಸುಮಾರು 9 ಕೋಟಿ ವರ್ಷವೆಂದು ಸೂಚಿಸುವುದು ಹೀಗೆಯೇ.) ವಾಯವ್ಯ ಕೆನಡಾದ ಯೂಕಾನ್‌ನ ಮೌಂಟ್ ಹಾರ್ಪರ್ ಜ್ವಾಲಾಮುಖಿ ಶಿಲೆಗಳು ಸುಮಾರು 71.7 ಕೋಟಿ ವರ್ಷ ಹಳೆಯವು. ಮಧ್ಯ ಐಡಹೊದಲ್ಲಿ ಸುಮಾರು 68.5 ಕೋಟಿ ವರ್ಷದವು ಸಿಕ್ಕಿವೆ. ಇಷ್ಟೇ ಆಗಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಖಂಡ ಬೇರ್ಪಟ್ಟ ಮೇಲೆ ಅದರ ಬಿಸಿಯಾದ, ತೆಳುವಾದ ಅಂಚು ತಣ್ಣಗಾಗುತ್ತ ಮೊದಲು ಬೇಗ, ಆಮೇಲೆ ನಿಧಾನವಾಗಿ ಕುಸಿಯುತ್ತದೆ. ಕೆನಡಾದ ರಾಕಿ ಪರ್ವತಗಳ ಕೇಂಬ್ರಿಯನ್ (ಸುಮಾರು 54ರಿಂದ 48.5 ಕೋಟಿ ವರ್ಷ ಹಿಂದಿನ ಯುಗ) ಪದರಗಳ ದಪ್ಪದಿಂದ ಮಣ್ಣಿನ ಭಾರ ಮತ್ತು ಒತ್ತಡದ ಪರಿಣಾಮವನ್ನು ಕಳೆದು ಹಿಂದಕ್ಕೆ ಲೆಕ್ಕ ಹಾಕಿದ ಭೂವಿಜ್ಞಾನಿಗಳಾದ ಜೆರಾರ್ಡ್ ಬಾಂಡ್ ಮತ್ತು ಮಿಶೆಲ್ ಕೊಮಿನ್ಜ್, ಆ ಕುಸಿತ 60ರಿಂದ 55.5 ಕೋಟಿ ವರ್ಷಗಳ ಹಿಂದಷ್ಟೇ ಆರಂಭವಾಯಿತೆಂದು 1984ರಲ್ಲಿ ತೋರಿಸಿದರು. ಅಂಚು 71 ಕೋಟಿ ವರ್ಷಗಳ ಹಿಂದೆಯೇ ಪೂರ್ತಿ ಬೇರ್ಪಟ್ಟಿದ್ದರೆ, ಕೇಂಬ್ರಿಯನ್ ಹೊತ್ತಿಗೆ ಅದು ಬಹುಪಾಲು ತಣ್ಣಗಾಗಿರಬೇಕಿತ್ತು, ಅಷ್ಟು ದಪ್ಪದ ಪದರಗಳಿಗೆ ಜಾಗವೇ ಇರುತ್ತಿರಲಿಲ್ಲ. ಬ್ರಿಟಿಷ್ ಕೊಲಂಬಿಯಾದ ಹ್ಯಾಮಿಲ್ ಶಿಲಾಗುಂಪಿನಲ್ಲಿ ಮುಂದೆ ಸಿಕ್ಕ ಸುಮಾರು 57 ಕೋಟಿ ವರ್ಷದ ಜ್ವಾಲಾಮುಖಿ ಶಿಲೆ ಈ ತಡವಾದ ಸೀಳಿಗೇ ಬೆಂಬಲ ಕೊಟ್ಟಿತು.

ಎರಡು ಹಂತಗಳಲ್ಲಿ ಸೀಳಿತೆಂಬ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆ. ಹಾಗೆಂದು ಮೊದಲನೆಯದನ್ನು ಬರಿಯ ವಿಫಲ ಬಿರುಕೆಂದು ತಳ್ಳಿಹಾಕುವಂತಿಲ್ಲ. ಸಮುದ್ರದ ನೀರಿನಿಂದ ರೀನಿಯಂ ಮತ್ತು ಆಸ್ಮಿಯಂ ಲೋಹಗಳನ್ನು (ರೀನಿಯಂ ಕ್ಷಯಿಸಿ ಆಸ್ಮಿಯಂ ಆಗುತ್ತದೆ) ಹೀರಿಕೊಳ್ಳುವ ಕಪ್ಪು ಜೇಡಿಶಿಲೆ, ಮರಳುಗಲ್ಲಿನಂತಲ್ಲದೆ, ತಾನು ಸಂಚಯವಾದ ಕಾಲವನ್ನೇ ಹೇಳುತ್ತದೆ. ಪಶ್ಚಿಮ ಕೆನಡಾದ ವಿಂಡರ್ಮಿಯರ್ ಶಿಲಾಸಮೂಹದಲ್ಲಿ ಅದು ಕೊಟ್ಟ ವಯಸ್ಸು ಸುಮಾರು 60.8 ಕೋಟಿ ವರ್ಷ. ಆ ಪದರ ಕೂತದ್ದು ಆಳವಾದ ನೀರಿನಲ್ಲಿ. ಅಂದರೆ ಹ್ಯಾಮಿಲ್ ಜ್ವಾಲಾಮುಖಿಗಿಂತ ಮೂರೂವರೆ ಕೋಟಿ ವರ್ಷಕ್ಕೂ ಮೊದಲೇ ಅಲ್ಲಿ ಆಳದ ಸಮುದ್ರವಿತ್ತು.