ಚೆಂಡೆ ಹೊರಗೆ, ಮದ್ದಳೆ ಒಳಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಬ್ಬ ವೇಷಧಾರಿ, ಒಬ್ಬ ಮದ್ದಳೆಗಾರರು ಬರಲು ಒಪ್ಪಿದ್ದಾರೆ. ಚೆಂಡೆಯನ್ನೂ ತರುತ್ತಾರಂತೆ. 240 ಮಕ್ಕಳನ್ನೂ ಅಂಗಳದಲ್ಲಿ ಕೂರಿಸಿ ಒಂದು ಗಂಟೆ ಯಕ್ಷಗಾನ ಇಟ್ಟುಕೊಂಡರೆ ಹೇಗೆ?
– ಶಿಕ್ಷಕಿ, ಯಶವಂತಪುರ

ಉತ್ತರ: ಅಂಗಳದ ಯೋಚನೆ ಬಿಡಿ. ಹಿಂದೆ ಕೂತವರಿಗೆ ಕಿರೀಟದ ತುದಿ ಕಂಡರೆ ಹೆಚ್ಚು, ಹತ್ತು ನಿಮಿಷಕ್ಕೆ ಗಲಾಟೆ ಶುರುವಾಗುತ್ತದೆ. ಅದರ ಬದಲು ನಾಲ್ಕನೆಯದೋ ಐದನೆಯದೋ ಒಂದೇ ತರಗತಿಗೆ, ವಾರಕ್ಕೊಂದರಂತೆ 40 ನಿಮಿಷದ ಮೂರು ಪೀರಿಯಡ್ ಕೇಳಿ. ಉಳಿದ ತರಗತಿಯವರು ಮುನಿಸಿಕೊಳ್ಳುತ್ತಾರೆ, ನಿಜ. ಮುಂದಿನ ವರ್ಷ ಅವರ ಸರದಿ ಎಂದು ಹೇಳಿಬಿಡಿ.

ಪೂರ್ತಿ ಬಣ್ಣ, ಪೂರ್ತಿ ವೇಷಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ. ಕಲಾವಿದರು ಎಲ್ಲ ಮುಗಿಸಿಕೊಂಡು ತರಗತಿಗೆ ಬಂದರೆ ಚಿಕ್ಕವರು ಹೆದರಿ ಅಳುವುದೂ ಉಂಟು. ಆದ್ದರಿಂದ ಸಾದಾ ಬಟ್ಟೆಯಲ್ಲೇ ಬರಲಿ, ಮಕ್ಕಳೆದುರೇ ಅರ್ಧ ಮುಖಕ್ಕೆ ಬಣ್ಣ ಹಚ್ಚಲಿ, ಮುಂಡಾಸು ಕಟ್ಟಲಿ. ಮನುಷ್ಯ ವೇಷವಾಗುವುದನ್ನು ಕಣ್ಣಾರೆ ಕಂಡವರಿಗೆ ಭಯವಿರುವುದಿಲ್ಲ. ಆದರೆ ಮಕ್ಕಳ ಮುಖಕ್ಕೆ ಆ ಬಣ್ಣ ಬೇಡವೇ ಬೇಡ. ಹಳೆಯ ಪದ್ಧತಿಯ ಹಳದಿ ಬಣ್ಣವಾದ ಅರದಾಳ ಆರ್ಸೆನಿಕ್‌ನ ಸಂಯುಕ್ತ, ಕೆಂಪು ಬಣ್ಣವಾದ ಇಂಗಳೀಕ ಪಾದರಸದ್ದು, ಎರಡೂ ವಿಷ. ಪೆಟ್ಟಿಗೆ ಮೇಜಿನ ಮೇಲೆ ತೆರೆದಿದ್ದರೆ ಒಂದಲ್ಲ ಒಂದು ಬೆರಳು ಅದರೊಳಗೆ ಹೋಗೇ ಹೋಗುತ್ತದೆ, ಹಚ್ಚಿ ಮುಗಿದ ಕೂಡಲೇ ಮುಚ್ಚಿಡಲು ಹೇಳಿ.

ಇಪ್ಪತ್ತು ಅಡಿ ಉದ್ದಗಲದ ಸಿಮೆಂಟು ಕೋಣೆಯಲ್ಲಿ ಚೆಂಡೆ ಬಾರಿಸಿದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಪಕ್ಕದ ಕೋಣೆಯಲ್ಲಿ ಪಾಠ ನಿಲ್ಲುತ್ತದೆ. ಒಳಗೆ ಮದ್ದಳೆ ಸಾಕು. ಕೊನೆಯ ಹತ್ತು ನಿಮಿಷ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದು ಚೆಂಡೆ ಕೇಳಿಸಿ. ಮದ್ದಳೆಯ ಶ್ರುತಿ ಕೂಡಿಸಲು ಸಮಯ ಬೇಕು. ಇಪ್ಪತ್ತು ನಿಮಿಷ ಮೊದಲೇ ಬರಹೇಳಿ, ಸ್ಟಾಫ್ ರೂಮಿನಲ್ಲಿ ಜಾಗ ಮಾಡಿಕೊಡಿ.

ಪೀರಿಯಡ್‌ನಲ್ಲಿ ಕಲಾವಿದರು ಮಾಡಿ ತೋರಿಸುವುದು ಹತ್ತು ನಿಮಿಷ ಮೀರದಿರಲಿ, ನಂತರದ ಇಪ್ಪತ್ತು ನಿಮಿಷ ಮಕ್ಕಳದು. ಏಳು ಎಣಿಕೆಯ ತ್ರಿವುಡೆ ತಾಳವನ್ನು 3+2+2 ಎಂದು ಒಡೆದು ಮೊದಲು ಚಪ್ಪಾಳೆಯಲ್ಲಿ, ಆಮೇಲೆ ಹೆಜ್ಜೆಯಲ್ಲಿ ಮಾಡಿಸಬಹುದು. ಒಂದು ಗುಂಪು ಕುಣಿಯುವಾಗ ಉಳಿದವರು ತಾಳ ಹಾಕಬೇಕು. ಸುಮ್ಮನೆ ಕೂತು ಸರದಿ ಕಾಯುವವರಿಂದಲೇ ತರಗತಿ ಕೆಡುವುದು.

ನೀವು ಪೂರ್ತಿ ಹೊತ್ತು ಕೋಣೆಯಲ್ಲೇ ಇರಿ, ನೋಟ್‌ಬುಕ್ ತಿದ್ದಲು ಹೋಗಬೇಡಿ. ಮಕ್ಕಳ ಹೆಸರು ಗೊತ್ತಿರುವುದು ನಿಮಗೆ, ಅವರ ಸುರಕ್ಷತೆಯ ಹೊಣೆಯೂ ಶಾಲೆಯದೇ.

ಪ್ರಶ್ನೆ: ಸಂಭಾವನೆ ಎಷ್ಟೆಂದು ಕೇಳಿದರೆ ಕಲಾವಿದರು "ನಿಮಗೆ ತೋಚಿದ್ದು ಕೊಡಿ" ಎನ್ನುತ್ತಾರೆ. ಏನು ಮಾಡುವುದು?
– ಮುಖ್ಯ ಶಿಕ್ಷಕರು, ಕೆಂಗೇರಿ

ಉತ್ತರ: ತೋಚಿದ್ದು ಕೊಡಬೇಡಿ. ಪೀರಿಯಡ್ ಲೆಕ್ಕದಲ್ಲಿ ಮೊತ್ತ ಹೇಳಿ, ವಾದ್ಯ ಹೊತ್ತು ತರುವ ಆಟೋ ಖರ್ಚನ್ನು ಬೇರೆಯಾಗಿ ಸೇರಿಸಿ, ಚೀಟಿಯಲ್ಲಿ ಬರೆದು ಮೊದಲೇ ಕಳಿಸಿ. ಹಣ ಅದೇ ದಿನ ಸಿಗಲಿ. ಶಾಲು, ಹಾರ, ಫೋಟೋ ಯಾವುದೂ ಸಂಭಾವನೆಯ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆಸಿಕೊಳ್ಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ 'ಕಲಿ-ಕಲಿಸು' ಯೋಜನೆ ಸರ್ಕಾರಿ ಶಾಲೆಗಳಲ್ಲಿ ಕಲೆಯ ಮೂಲಕ ಕಲಿಸುವ ಕೆಲಸಕ್ಕೆ ಅನುದಾನ ಕೊಡುತ್ತ ಬಂದಿದೆ, ವಿಚಾರಿಸಿ ನೋಡಿ. ಜಾನಪದ ಕಲಾವಿದರ ಸಂಪರ್ಕ ಬೇಕಿದ್ದರೆ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕರ್ನಾಟಕ ಜಾನಪದ ಅಕಾಡೆಮಿಯನ್ನು ಕೇಳಬಹುದು.

ಪ್ರಶ್ನೆ: ತೊಗಲು ಗೊಂಬೆಯಾಟದವರನ್ನು ಕರೆಸುವಾಸೆ. ನಮ್ಮ ಕೋಣೆಯನ್ನು ಕತ್ತಲು ಮಾಡಲಾಗದು. ಮಕ್ಕಳು ಮಾಡಿದ ಗೊಂಬೆಯ ನೆರಳೂ ಮಸುಕಾಗಿ ಬೀಳುತ್ತದೆ.
– ಓದುಗರು, ಜಯನಗರ

ಉತ್ತರ: ಕಗ್ಗತ್ತಲು ಬೇಕಿಲ್ಲ. ಪರದೆಗೆ ನೇರವಾಗಿ ಬೆಳಕು ಬೀಳಿಸುವ ಕಿಟಕಿಗೆ ಕಪ್ಪು ಚಾರ್ಟ್ ಅಂಟಿಸಿದರೆ ಸಾಕು. ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಬಿಗಿದು ಕಟ್ಟಿ, ಹಿಂದೆ ಒಂದೇ ಬಲ್ಬ್ ಇಡಿ. ನೆರಳು ಮಸುಕಾಗಲು ಕಾರಣ ಸಾಮಾನ್ಯವಾಗಿ ಎರಡು: ಉದ್ದನೆಯ ಟ್ಯೂಬ್‌ಲೈಟ್ ಬಳಸುವುದು, ಗೊಂಬೆಯನ್ನು ಬಟ್ಟೆಯಿಂದ ದೂರ ಹಿಡಿಯುವುದು. ಗೊಂಬೆ ಪರದೆಗೆ ತಾಗಿಯೇ ಇರಬೇಕು. ಮಕ್ಕಳಿಗೆ ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದ ಕೊಡಿ. ಅಲ್ಲಲ್ಲಿ ಕಿಂಡಿ ಕತ್ತರಿಸಿ ಬಣ್ಣದ ಜೆಲಟಿನ್ ಕಾಗದ ಅಂಟಿಸಿದರೆ ತೊಗಲಿನಂತೆಯೇ ಬಣ್ಣ ಪರದೆಗೆ ಬರುತ್ತದೆ, ಬೆನ್ನಿಗೆ ಬಿದಿರಿನ ಸೀಳು ಕಟ್ಟಿ. ಕರೆಂಟ್ ಹೋಗುವ ಊರು ನಮ್ಮದು, ಚಾರ್ಜ್ ಮಾಡಿದ ಟಾರ್ಚ್ ಕೈಯಲ್ಲಿರಲಿ. ಆಟ ಅರ್ಧವಾದಾಗ ಮಕ್ಕಳಲ್ಲಿ ಅರ್ಧ ಜನರನ್ನು ಪರದೆಯ ಹಿಂದಕ್ಕೆ ಕಳಿಸಿ. ಆಡಿಸುವ ಕೈ ನೋಡದೆ ಗೊಂಬೆ ಮಾಡುವುದು ಕಷ್ಟ.

ಪ್ರಶ್ನೆ: ರಾಜ್ಯೋತ್ಸವಕ್ಕೆ ಯಕ್ಷಗಾನದವರನ್ನು ಕರೆಸಿದರೆ?
– ಪೋಷಕರು, ವಿಜಯನಗರ

ಉತ್ತರ: ಸಿಗುವುದೇ ಕಷ್ಟ. ಬೆಂಗಳೂರಿನಲ್ಲಿ ನವೆಂಬರ್ ಇಡೀ ರಾಜ್ಯೋತ್ಸವ. ಯಕ್ಷಗಾನ ಮೇಳಗಳ, ಅಂದರೆ ತಂಡಗಳ, ತಿರುಗಾಟವೂ ಆ ಸುಮಾರಿಗೇ ಶುರುವಾಗಿ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ತುಳುನಾಡಿನಲ್ಲಿ ಆಟದ ಋತು ಮುಗಿಯುವ ದಿನದವರೆಗೆ, ನಡೆಯುತ್ತದೆ. ಜುಲೈ, ಆಗಸ್ಟ್ ಒಳ್ಳೆಯದು. ಮಳೆಗಾಲದಲ್ಲಿ ಎಷ್ಟೋ ಕಲಾವಿದರು ಪ್ರದರ್ಶನಕ್ಕೆಂದು ನಗರಕ್ಕೇ ಬಂದಿರುತ್ತಾರೆ. ಆದರೆ ಶನಿವಾರದ ಬೆಳಗಿನ ಶಾಲೆಗೆ ಕರೆಯುವ ಮುನ್ನ ಹಿಂದಿನ ರಾತ್ರಿ ಆಟವಿದೆಯೇ ಎಂದು ಕೇಳಿ. ಇದ್ದರೆ ಎಂಟು ಗಂಟೆಗೆ ಬರಹೇಳಬೇಡಿ, ಕೊನೆಯ ಪೀರಿಯಡ್ ಇಟ್ಟುಕೊಳ್ಳಿ.