ಬಾಯ್ಲರ್ ಕೋಣೆಗೆ ಎರಡನೇ ಸಲ

ಪ್ರಶ್ನೆ: ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಫಿಲಿಪ್ಪೀನ್ಸ್‌ನಿಂದ ವಲಸೆ ಬಂದ ನಾವಿಕನೊಬ್ಬನಿಗೆ ಸಿಕ್ಕಿತ್ತಂತೆ, ಅದೂ ಯುದ್ಧವಿಲ್ಲದ ದಿನ. ಶತ್ರುವೇ ಇಲ್ಲದೆ ಪದಕ ಹೇಗೆ?

ಉತ್ತರ: ಅವನ ಹೆಸರು ಟೆಲೆಸ್ಫೊರೊ ಟ್ರಿನಿಡಾಡ್. ಆಗಿನ ಅಮೆರಿಕದ ನೌಕಾಪಡೆ ಮೆಡಲ್ ಆಫ್ ಆನರ್ ಅನ್ನು ಜೀವ ಉಳಿಸಿದವರಿಗೂ ಕೊಡುತ್ತಿತ್ತು. ಶತ್ರು ಇರಲಿಲ್ಲ ಅನ್ನುತ್ತೀರಿ. ಹಡಗಿನ ಹೊಟ್ಟೆಯಲ್ಲಿ ವರ್ಷಗಟ್ಟಲೆ ದುಡಿದ ನನ್ನನ್ನು ಕೇಳಿ! ಕೆಟಲಿನ ಮೂತಿಯಲ್ಲಿ ಕಾಣುವ ಬಿಳಿ ಹೊಗೆ ಆಗಲೇ ತಣಿದು ಹನಿಗಟ್ಟಿದ್ದು. ಬಾಯ್ಲರಿನಿಂದ ಚಿಮ್ಮುವ ಅಸಲಿ ಹಬೆ ಕಣ್ಣಿಗೇ ಬೀಳುವುದಿಲ್ಲ. ಅದು ಎಲ್ಲಿ ಸೋರುತ್ತಿದೆ ಎಂದು ನೋಡಲು ಹಳಬರು ಕೈ ಚಾಚುತ್ತಿರಲಿಲ್ಲ, ಪೊರಕೆ ಚಾಚುತ್ತಿದ್ದರು.

1915ರ ಜನವರಿ 21, ಮೆಕ್ಸಿಕೋ ಕರಾವಳಿ. ಯುಎಸ್‌ಎಸ್ ಸ್ಯಾನ್ ಡಿಯಾಗೊ ಹಡಗಿನ 2ನೇ ಬಾಯ್ಲರ್ ಕೋಣೆಯಲ್ಲಿ ಸ್ಫೋಟ. ಬಾಯ್ಲರಿಗೆ ಬೆಂಕಿ ಉಣಿಸುವ ಫೈರ್‌ಮನ್ ಟ್ರಿನಿಡಾಡ್ ಹೊರಕ್ಕೆ ಓಡಬೇಕಾಯಿತು. ಓಡಿದವನು ಅಲ್ಲೇ ತಿರುಗಿ ಒಳಹೊಕ್ಕು, ಗಾಯಗೊಂಡ ಜೊತೆಗಾರನನ್ನು ಎತ್ತಿಕೊಂಡ. 4ನೇ ಕೋಣೆಗೆ ಕಾಲಿಡುತ್ತಿದ್ದಂತೆ 3ನೇ ಕೋಣೆಯದೂ ಸಿಡಿದು ಮುಖ ಸುಟ್ಟಿತು. ಹೊತ್ತಿದ್ದವನನ್ನು ಮುಂದಿನವರ ಕೈಗೆ ದಾಟಿಸಿ, 3ನೇ ಕೋಣೆಯ ಇನ್ನೊಬ್ಬನನ್ನು ಬಿಡಿಸಲು ಕೈಜೋಡಿಸಿದ. ನನಗೆ ದೊಡ್ಡದೆನಿಸುವುದು ಇದು. ಮೊದಲ ಸಲ ಹೋದದ್ದನ್ನು ಆವೇಶ ಅನ್ನಬಹುದು. ಈ ಸಲ ಹಬೆ ಏನು ಮಾಡುತ್ತದೆಂದು ಅವನ ಮುಖದ ಚರ್ಮಕ್ಕೇ ಗೊತ್ತಿತ್ತು.

ಅದೇ ದಿನದ ಸಾಹಸಕ್ಕೆ ರಾಬರ್ಟ್ ಕ್ಯಾರಿ ಎಂಬ ಕಿರಿಯ ಅಧಿಕಾರಿಗೂ ಪದಕ ಬಂತು. ಹಡಗು ನಡೆಸುವ ಮೇಲಿನ ಕೋಣೆ, ಅಂದರೆ ಬ್ರಿಜ್‌ನಿಂದ, ವಿದ್ಯುತ್ತಿನಲ್ಲಿ ಮುಚ್ಚಿಕೊಳ್ಳುತ್ತಿದ್ದ ನೀರುಬಿಗಿ ಬಾಗಿಲನ್ನು ಆತ ಹಬೆಯ ನಡುವೆ ಸುಮಾರು ಒಂದು ನಿಮಿಷ ತಡೆಹಿಡಿದ. ಮೂವರು ಪಾರಾದರು.

ಇನ್ನು ‘ವಲಸೆ’ ಎಂಬ ಮಾತು. ಅದು ಪೂರ್ತಿ ಒಪ್ಪುವುದಿಲ್ಲ. ಫಿಲಿಪ್ಪೀನ್ಸ್ ಆಗ ಅಮೆರಿಕದ ವಸಾಹತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿ ಅಲ್ಲಿನ 500 ಜನರನ್ನು ನೌಕಾಪಡೆಗೆ ಸೇರಿಸಿಕೊಳ್ಳಲು ಆದೇಶಿಸಿದ್ದರು. ಟ್ರಿನಿಡಾಡ್‌ಗೆ ಪದಕದ ಜೊತೆ 100 ಡಾಲರ್ ಇನಾಮೂ ಸಿಕ್ಕಿತು. ಅವನ ನಾಡಿನವರಿಗೆ ಸಿಕ್ಕಿದ್ದು ಬೇರೆ: ಮೊದಲ ಮಹಾಯುದ್ಧದ ನಂತರ, 1970ರ ದಶಕದವರೆಗೂ, ನೌಕಾಪಡೆ ಅವರನ್ನು ಬಹುಪಾಲು ಅಧಿಕಾರಿಗಳ ಅಡುಗೆ ಮಾಡಲು, ಬಡಿಸಲು ಇಟ್ಟುಕೊಂಡಿತು. 2022ರಲ್ಲಿ ಹೊಸ ಯುದ್ಧನೌಕೆಯೊಂದಕ್ಕೆ ಟ್ರಿನಿಡಾಡ್ ಹೆಸರು ಪ್ರಕಟವಾಯಿತು.